ಕೃತಕ ಉಪಗ್ರಹ ವೀಕ್ಷಣೆ

ಭೂಮಿಯನ್ನು ಸುತ್ತುತ್ತಿರುವ ಮಾನವನಿರ್ಮಿತ ಕಾಯಗಳನ್ನು ಬರಿಗಣ್ಣು, ಬೈನಾಕ್ಯುಲರ್ ಅಥವಾ ಸಣ್ಣ ದೂರದರ್ಶಕದ ನೆರವಿನಿಂದ ಗುರುತಿಸಿ, ಅವು ಯಾವ ಕ್ಷಣದಲ್ಲಿ ಆಕಾಶದ ಯಾವ ಸ್ಥಾನದಲ್ಲಿದ್ದವು ಎಂಬುದನ್ನು ದಾಖಲಿಸುವ ಹವ್ಯಾಸಕ್ಕೆ ಕೃತಕ ಉಪಗ್ರಹ ವೀಕ್ಷಣೆ ಎಂದು ಹೆಸರು. 1957ರಲ್ಲಿ ಮೊದಲ ಉಪಗ್ರಹದ ಜೊತೆಗೇ ಬೆಳಕಿಗೆ ಬಂದ ಈ ಚಟುವಟಿಕೆಗೆ ಮನೆಯ ಹಿತ್ತಲು ಅಥವಾ ತಾರಸಿ, ನಂಬಬಹುದಾದ ಒಂದು ಗಡಿಯಾರ ಮತ್ತು ನಕ್ಷತ್ರಗಳ ಪರಿಚಯ ಇಷ್ಟಿದ್ದರೆ ಸಾಕು. ಉಪಗ್ರಹದ ಉದ್ದೇಶವನ್ನು ಗುಟ್ಟಾಗಿಡಬಹುದಾದರೂ ಅದರ ಪಥದ ಕೆಳಗಿರುವವರ ಕಣ್ಣಿನಿಂದ ಅದನ್ನು ಮರೆಮಾಡುವುದು ಕಷ್ಟವಾದ್ದರಿಂದ, ಅಧಿಕೃತ ಮಾಹಿತಿ ಸಾಲದೆ ಹೋದ ಕಡೆಗಳಲ್ಲಿ ಹವ್ಯಾಸಿಗಳ ದಾಖಲೆಗಳು ಹಲವು ಬಾರಿ ನೆರವಿಗೆ ಬಂದಿವೆ.

ಕಾಣುವ ಬಗೆ

ಉಪಗ್ರಹಗಳಿಗೆ ಸ್ವಂತ ಬೆಳಕಿಲ್ಲ. ಅವುಗಳ ಲೋಹದ ಮೈ ಮತ್ತು ಸೌರಫಲಕಗಳು ಪ್ರತಿಫಲಿಸುವ ಬಿಸಿಲೇ ನೋಡುಗರಿಗೆ ಕಾಣುತ್ತದೆ. ನೆಲದ ಮೇಲೆ ಸೂರ್ಯ ಮುಳುಗಿ ಕತ್ತಲಾದ ಮೇಲೂ ನೂರಾರು ಕಿಲೋಮೀಟರ್ ಎತ್ತರದಲ್ಲಿ ಬಿಸಿಲು ಉಳಿದಿರುತ್ತದೆಯಾದ್ದರಿಂದ, ಕೆಳಕಕ್ಷೆಯ ಉಪಗ್ರಹಗಳನ್ನು ನೋಡಲು ಸೂರ್ಯಾಸ್ತದ ನಂತರದ ಮತ್ತು ಸೂರ್ಯೋದಯಕ್ಕೆ ಮುಂಚಿನ ಒಂದೆರಡು ಗಂಟೆಗಳು ತಕ್ಕ ಹೊತ್ತು. ಕರ್ನಾಟಕದಂಥ ಉಷ್ಣವಲಯದ ಪ್ರದೇಶಗಳಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಕ್ಷಿತಿಜದ ಕೆಳಗಿಳಿಯುವುದರಿಂದ ಈ ಅವಧಿ ಚಿಕ್ಕದು. ಬ್ರಿಟನ್ನಿನಂಥ ಉತ್ತರದ ನಾಡುಗಳಲ್ಲಿ ನಡುಬೇಸಗೆಯಲ್ಲಿ ಅದು ರಾತ್ರಿಯಿಡೀ ಇರುತ್ತದೆ.

ಸುಮಾರು 400 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 7.7 ಕಿ.ಮೀ. ವೇಗದಿಂದ ಸಾಗುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಒಂದೂವರೆ ಗಂಟೆಗೆ ತುಸು ಹೆಚ್ಚು ಕಾಲದಲ್ಲಿ ಭೂಮಿಯನ್ನು ಒಂದು ಸುತ್ತು ಹಾಕುತ್ತದೆ. ಸಂಜೆಯ ಹೊತ್ತು ಅದು ಪಶ್ಚಿಮ ಕ್ಷಿತಿಜದಿಂದ ಮೇಲೇರಿ, ನಾಲ್ಕಾರು ನಿಮಿಷ ಮಿನುಗದೆ, ಸದ್ದಿಲ್ಲದೆ, ಒಂದೇ ಹದದಲ್ಲಿ ಸಾಗಿ, ಪೂರ್ವ ದಿಕ್ಕನ್ನು ಮುಟ್ಟುವ ಮೊದಲೇ ಭೂಮಿಯ ನೆರಳನ್ನು ಹೊಕ್ಕು, ಕೆಲವೇ ಸೆಕೆಂಡುಗಳಲ್ಲಿ ಮಂಕಾಗಿ ಮರೆಯಾಗುವುದುಂಟು. ಶುಕ್ರ ಮತ್ತು ಗುರುಗ್ರಹಗಳು ಇಷ್ಟೇ ಪ್ರಖರವಾಗಿ ಕಂಡರೂ ನಕ್ಷತ್ರಗಳ ನಡುವೆ ಅವು ಸರಿದದ್ದು ತಿಳಿಯಲು ದಿನಗಳು ಬೇಕಾಗುತ್ತವೆ. ವಿಮಾನಕ್ಕೆ ಮಿನುಗುವ ಬಣ್ಣದ ದೀಪಗಳಿರುತ್ತವೆ. ಉಲ್ಕೆ ಒಂದೆರಡು ಸೆಕೆಂಡುಗಳಲ್ಲಿ ಉರಿದುಹೋಗುತ್ತದೆ. ನಿಯತ ಅಂತರದಲ್ಲಿ ಬೆಳಗಿ ಮಂಕಾಗುತ್ತ ಸಾಗುವ ಚುಕ್ಕೆ ಬಹುಪಾಲು ಉರುಳುತ್ತಿರುವ ಹಳೆಯ ರಾಕೆಟ್ ಹಂತವಾಗಿರುತ್ತದೆ. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹಗಳು ದೂರದ ಕಾರಣದಿಂದ ಸಾಮಾನ್ಯವಾಗಿ ಬರಿಗಣ್ಣಿಗೆ ಕಾಣುವುದಿಲ್ಲ.

ಸ್ಪುಟ್ನಿಕ್ ಮತ್ತು ಮೂನ್‌ವಾಚ್

1957ರ ಜುಲೈಯಿಂದ 1958ರ ಡಿಸೆಂಬರ್‌ವರೆಗಿನ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಉಪಗ್ರಹಗಳನ್ನು ಹಾರಿಸುವ ಯೋಜನೆ ಪ್ರಕಟವಾದಾಗ, ಹಾರಿದ ಮೇಲೆ ಅವುಗಳನ್ನು ಹುಡುಕುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಅಮೆರಿಕದ ಸ್ಮಿತ್‌ಸೋನಿಯನ್ ಖಭೌತ ವೀಕ್ಷಣಾಲಯದ ನಿರ್ದೇಶಕ ಫ್ರೆಡ್ ವಿಪಲ್ ಇದಕ್ಕಾಗಿ ಶಿಕ್ಷಕರು, ವಿದ್ಯಾರ್ಥಿಗಳು, ಗೃಹಿಣಿಯರು ಮೊದಲಾದ ಸ್ವಯಂಸೇವಕರ ತಂಡಗಳನ್ನು ಕಟ್ಟುವ ‘ಆಪರೇಷನ್ ಮೂನ್‌ವಾಚ್’ ಯೋಜನೆಯನ್ನು ರೂಪಿಸಿದನು. ತಂಡದ ಸದಸ್ಯರು ಸಾಲಾಗಿ ಕುಳಿತು, ಅಗಲ ನೋಟದ ಸಣ್ಣ ದೂರದರ್ಶಕಗಳ ಮುಂದಿಟ್ಟ ಕನ್ನಡಿಯಲ್ಲಿ ಆಕಾಶದ ಪ್ರತಿಬಿಂಬವನ್ನು ನೋಡುತ್ತಿದ್ದರು. ಉತ್ತರ ಮತ್ತು ದಕ್ಷಿಣ ಬಿಂದುಗಳನ್ನು ನೆತ್ತಿಯ ಮೂಲಕ ಕೂಡಿಸುವ ಕಲ್ಪಿತ ರೇಖೆಗೆ ಯಾಮ್ಯೋತ್ತರ ರೇಖೆ ಎನ್ನುತ್ತಾರೆ. ಒಬ್ಬರ ನೋಟದ ಅಂಚು ಪಕ್ಕದವರ ನೋಟದ ಅಂಚಿನ ಮೇಲೆ ಬೀಳುವಂತೆ ಜೋಡಿಸಿ ಈ ರೇಖೆಯುದ್ದಕ್ಕೂ ಕಾವಲು ಕಾಯಲಾಗುತ್ತಿತ್ತು. ಉಪಗ್ರಹ ರೇಖೆಯನ್ನು ದಾಟಿದ ಕ್ಷಣದಲ್ಲಿ ನೋಡುಗನು ಕೂಗಿ ಹೇಳಿದ್ದನ್ನು ರೇಡಿಯೊ ಸಮಯಸಂಕೇತದೊಂದಿಗೆ ತಾಳೆಹಾಕಿ ದಾಖಲಿಸಲಾಗುತ್ತಿತ್ತು.

ಸೋವಿಯತ್ ಒಕ್ಕೂಟ 1957ರ ಅಕ್ಟೋಬರ್ 4ರಂದು ಹಾರಿಸಿದ ಸ್ಪುಟ್ನಿಕ್-1 ಕೇವಲ 58 ಸೆಂ.ಮೀ. ವ್ಯಾಸದ, 83.6 ಕಿ.ಗ್ರಾಂ. ತೂಕದ ಗೋಳವಾಗಿದ್ದು ಬರಿಗಣ್ಣಿಗೆ ಕಾಣುವುದು ಬಹಳ ಕಷ್ಟವಿತ್ತು. ಅಂದು ಜಗತ್ತಿನ ಜನ ಹಿತ್ತಲಲ್ಲಿ ನಿಂತು ಸ್ಪುಟ್ನಿಕ್ ಎಂದು ನೋಡಿದ್ದು ಬಹುಮಟ್ಟಿಗೆ ಅದರೊಂದಿಗೇ ಕಕ್ಷೆ ಸೇರಿದ್ದ, 25 ಮೀಟರಿಗಿಂತ ಉದ್ದದ ರಾಕೆಟ್ ಹಂತವನ್ನು. ಮೂನ್‌ವಾಚ್ ತಂಡಗಳು ಕೊಟ್ಟ ಅಂದಾಜುಗಳ ಆಧಾರದ ಮೇಲೆ ಬೇಕರ್-ನನ್ ಎಂಬ ದೊಡ್ಡ ಕ್ಯಾಮೆರಾಗಳು ನಿಖರವಾದ ಛಾಯಾಚಿತ್ರ ತೆಗೆಯುವುದು ಮೂಲ ಯೋಜನೆಯಾಗಿತ್ತು. ಆದರೆ ಸ್ಪುಟ್ನಿಕ್ ಹಾರಿದಾಗ ಕ್ಯಾಮೆರಾಗಳ ಜಾಲ ಇನ್ನೂ ಸಿದ್ಧವಾಗಿರಲಿಲ್ಲವಾಗಿ ಮೊದಲ ತಿಂಗಳುಗಳಲ್ಲಿ ಸ್ವಯಂಸೇವಕರ ಹೊಣೆ ಹೆಚ್ಚಿತು. ಮೂನ್‌ವಾಚ್ 1975ರವರೆಗೆ ನಡೆಯಿತು.

ವಿಜ್ಞಾನಕ್ಕೆ ನೆರವು

ಮೊದಲೇ ಲೆಕ್ಕಹಾಕಿಟ್ಟ ಸಮಯಕ್ಕಿಂತ ಉಪಗ್ರಹವು ಎಷ್ಟು ಮುಂಚೆ ಬಂದಿತೆಂಬುದನ್ನು ದಿನದಿನವೂ ಗುರುತಿಸಿಕೊಂಡರೆ, ವಾತಾವರಣದ ಎಳೆತದಿಂದ ಅದರ ಕಕ್ಷೆ ಕುಗ್ಗುತ್ತಿರುವ ಪ್ರಮಾಣ ತಿಳಿಯುತ್ತದೆ. ಅದರಿಂದ ಮೇಲ್ವಾತಾವರಣದ ಸಾಂದ್ರತೆಯನ್ನು ಲೆಕ್ಕಹಾಕಬಹುದು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನ ವಿಜ್ಞಾನಿ ಡೆಸ್ಮಂಡ್ ಕಿಂಗ್-ಹೀಲಿ ಸ್ವಯಂಸೇವಕರ ವೀಕ್ಷಣೆಗಳನ್ನೂ ಬಳಸಿಕೊಂಡು ಈ ಸಾಂದ್ರತೆಯನ್ನೂ ಭೂಮಿಯ ಆಕಾರವನ್ನೂ ಅಧ್ಯಯನ ಮಾಡಿದನು. 1962ರ ಸೆಪ್ಟೆಂಬರಿನಲ್ಲಿ ಸ್ಪುಟ್ನಿಕ್-4 ವಾತಾವರಣವನ್ನು ಮರುಪ್ರವೇಶಿಸಿದಾಗ ಅದರ ಒಂದು ತುಂಡು ಅಮೆರಿಕದ ಮ್ಯಾನಿಟೊವಾಕ್ ಪಟ್ಟಣದ ಬೀದಿಯಲ್ಲಿ ಹೂತು ಸಿಕ್ಕಿತು. ಹತ್ತಿರದ ಮಿಲ್ವಾಕಿಯ ಮೂನ್‌ವಾಚ್ ತಂಡ ಆ ಹೊತ್ತಿನಲ್ಲಿ ಆಕಾಶವನ್ನು ಕಾಯುತ್ತಿತ್ತು.

ನೋಡುವುದರ ಜೊತೆಗೆ ಉಪಗ್ರಹಗಳ ರೇಡಿಯೊ ಸಂಕೇತಗಳನ್ನು ಆಲಿಸುವ ಪರಿಪಾಠವೂ ಬೆಳೆಯಿತು. ಇಂಗ್ಲೆಂಡಿನ ಕೆಟರಿಂಗ್ ಗ್ರಾಮರ್ ಸ್ಕೂಲಿನ ಭೌತಶಾಸ್ತ್ರ ಶಿಕ್ಷಕ ಜೆಫ್ರಿ ಪೆರಿ ಮತ್ತು ಅವನ ವಿದ್ಯಾರ್ಥಿಗಳು 1966ರಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮಾಸ್ ಸರಣಿಯ ಉಪಗ್ರಹಗಳ ಕಕ್ಷೆಗಳನ್ನು ಲೆಕ್ಕಹಾಕಿ, ಅವು ಅದುವರೆಗೆ ಘೋಷಿಸದ ಉಡಾವಣಾ ಕೇಂದ್ರವೊಂದರಿಂದ ಹಾರಿದವೆಂದು ಕಂಡುಕೊಂಡರು. ಪ್ಲೆಸೆಟ್ಸ್ಕ್ ಎಂಬ ಆ ಕೇಂದ್ರದ ಅಸ್ತಿತ್ವವನ್ನು ಸೋವಿಯತ್ ಸರ್ಕಾರ ಒಪ್ಪಿಕೊಂಡದ್ದು 1983ರಲ್ಲಿ. ಅಮೆರಿಕದ ಎಕ್ಸ್-37ಬಿ ಎಂಬ ರಹಸ್ಯ ಬಾಹ್ಯಾಕಾಶ ವಿಮಾನ 2010ರ ಏಪ್ರಿಲಿನಲ್ಲಿ ಮೊದಲ ಬಾರಿಗೆ ಹಾರಿದಾಗಲೂ, ಪ್ರಕಟಿಸದೆ ಇಟ್ಟಿದ್ದ ಅದರ ಕಕ್ಷೆಯನ್ನು ಹವ್ಯಾಸಿಗಳು ಮರುತಿಂಗಳೇ ಪತ್ತೆಹಚ್ಚಿದರು.

ಎಕೋದಿಂದ ಇರಿಡಿಯಂವರೆಗೆ

ಸಾಮಾನ್ಯ ಜನರನ್ನು ದೊಡ್ಡ ಸಂಖ್ಯೆಯಲ್ಲಿ ಹೊರಗೆಳೆದದ್ದು 1960ರ ಆಗಸ್ಟ್ 12ರಂದು ನಾಸಾ ಹಾರಿಸಿದ ಎಕೋ-1. ರೇಡಿಯೊ ಅಲೆಗಳನ್ನು ಪ್ರತಿಫಲಿಸಲೆಂದು ನಿರ್ಮಿಸಿದ್ದ, ಅಲ್ಯೂಮಿನಿಯಂ ಲೇಪದ ಸುಮಾರು 30 ಮೀಟರ್ ವ್ಯಾಸದ ಈ ಬಲೂನು ಪ್ರಖರ ನಕ್ಷತ್ರಗಳಿಗೆ ಸಮನಾಗಿ ಬೆಳಗುತ್ತ 1968ರವರೆಗೆ ಕಕ್ಷೆಯಲ್ಲಿತ್ತು. 1997ರಿಂದ ಹಾರತೊಡಗಿದ ಇರಿಡಿಯಂ ದೂರವಾಣಿ ಉಪಗ್ರಹಗಳ ನುಣುಪಾದ ಆಂಟೆನಾ ಫಲಕಗಳು ಬಿಸಿಲನ್ನು ಕಿರಿದಾದ ಪಟ್ಟಿಯಾಗಿ ನೆಲಕ್ಕೆ ಚೆಲ್ಲುತ್ತಿದ್ದವು; ಆ ಪಟ್ಟಿಯಲ್ಲಿ ನಿಂತವರಿಗೆ ಮಂದವಾದ ಚುಕ್ಕೆಯೊಂದು ಕೆಲವು ಸೆಕೆಂಡು ಶುಕ್ರಗ್ರಹವನ್ನೂ ಮೀರಿ ಹೊಳೆದು ಆರಿಹೋಗುವುದು ಕಾಣುತ್ತಿತ್ತು. ಹಳೆಯ ಇರಿಡಿಯಂಗಳ ಬದಲಿಗೆ 2017–2019ರ ನಡುವೆ ಬಂದ ಹೊಸ ಉಪಗ್ರಹಗಳಿಗೆ ಅಂಥ ಫಲಕಗಳಿಲ್ಲವಾಗಿ ಈ ನೋಟ ಈಗ ಇಲ್ಲವಾಗಿದೆ.

ಭಾರತದಲ್ಲಿ

ಸ್ಮಿತ್‌ಸೋನಿಯನ್ ಸಂಸ್ಥೆಯ 12 ಬೇಕರ್-ನನ್ ಕೇಂದ್ರಗಳಲ್ಲಿ ಒಂದನ್ನು ನೈನಿತಾಲ್‌ನ ವೀಕ್ಷಣಾಲಯದಲ್ಲಿ ಸ್ಥಾಪಿಸಲಾಗಿತ್ತು. ಆಗ ಆ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ವೈನು ಬಪ್ಪು 1960ರಲ್ಲಿ ಕೊಡೈಕನಾಲ್‌ಗೆ ತೆರಳಿ, ಮುಂದೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದರು. ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಾಣಗೊಂಡ ಭಾರತದ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. 1979ರ ಜುಲೈಯಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುವ ಸುದ್ದಿ ದೇಶದುದ್ದಕ್ಕೂ ಭೀತಿ ಹುಟ್ಟಿಸಿ, ಉಪಗ್ರಹದ ಕಕ್ಷೆ ಎಂಬ ವಿಷಯವನ್ನು ಹಳ್ಳಿಗಳ ಮಾತಿಗೂ ತಂದಿತು. ಅದರ ಚೂರುಗಳು ಬಿದ್ದದ್ದು ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಗಳಲ್ಲಿ.

ಅಕ್ಷಾಂಶ ಕಡಿಮೆಯಿರುವ ಕರ್ನಾಟಕದಿಂದ ಅಂತರರಾಷ್ಟ್ರೀಯ ನಿಲ್ದಾಣ, ಚೀನಾದ ತಿಯಾನ್‌ಗಾಂಗ್ ನಿಲ್ದಾಣಗಳಷ್ಟೇ ಅಲ್ಲದೆ, ಉತ್ತರ ಬ್ರಿಟನ್ನಿನವರ ಕಣ್ಣಿಗೆ ಬೀಳದ ಹಬಲ್ ದೂರದರ್ಶಕವೂ ಕಾಣುತ್ತದೆ. ಆದರೆ ಬೆಂಗಳೂರಿನಿಂದಲೇ ನಿಯಂತ್ರಿಸುವ ಹಲವು ಭಾರತೀಯ ದೂರಸಂವೇದಿ ಉಪಗ್ರಹಗಳು ಭೂಮಿಯ ಚಿತ್ರ ತೆಗೆಯಲು ಅನುಕೂಲವಾಗುವಂತೆ ಬೆಳಗಿನ ಹತ್ತೂವರೆಯ ಸುಮಾರಿಗೆ, ಮತ್ತೆ ರಾತ್ರಿ ಹತ್ತೂವರೆಯ ಸುಮಾರಿಗೆ ಹಾದುಹೋಗುತ್ತವೆ. ಒಮ್ಮೆ ಹಗಲಿನ ಬೆಳಕಿನಲ್ಲಿ, ಇನ್ನೊಮ್ಮೆ ಭೂಮಿಯ ನೆರಳಿನಲ್ಲಿ ಸಾಗುವುದರಿಂದ ಅವು ಇಲ್ಲಿನ ವೀಕ್ಷಕರಿಗೆ ಸಿಗುವುದಿಲ್ಲ.

ಇತ್ತೀಚಿನ ಬೆಳವಣಿಗೆ

ಕಕ್ಷೆಯ ಆಕಾರ, ಓರೆ, ಅವಧಿ ಮೊದಲಾದ ಅಳತೆಗಳನ್ನು ಎರಡು ಸಾಲಿನ ಅಂಕಿಗಳಲ್ಲಿ ಅಡಕಗೊಳಿಸುವ ಪದ್ಧತಿ ರೂಢಿಗೆ ಬಂದು, ಅಂತರ್ಜಾಲದಲ್ಲಿ ಅವು ಎಲ್ಲರಿಗೂ ದೊರೆತ ಮೇಲೆ, ಯಾವ ಊರಿನಲ್ಲಿ ಯಾವ ಉಪಗ್ರಹ ಎಷ್ಟು ಹೊತ್ತಿಗೆ ಕಾಣುವುದೆಂದು ಮೊಬೈಲಿನಲ್ಲೇ ತಿಳಿಯುವಂತಾಯಿತು. 2019ರ ಮೇ ತಿಂಗಳಲ್ಲಿ ಒಂದೇ ರಾಕೆಟ್ಟಿನಲ್ಲಿ ಹಾರಿದ 60 ಸ್ಟಾರ್‌ಲಿಂಕ್ ಉಪಗ್ರಹಗಳು ಸಾಲುಗಟ್ಟಿ ಸಾಗಿದ್ದು ಹವ್ಯಾಸಿಗಳಿಗೆ ಬೆರಗು ತಂದರೂ, ಅಂಥ ಉಪಗ್ರಹಗಳು ಕೆಲವೇ ವರ್ಷಗಳಲ್ಲಿ ಸಾವಿರಗಳ ಲೆಕ್ಕಕ್ಕೆ ಏರಿ, ದೂರದರ್ಶಕಗಳ ಚಿತ್ರಗಳ ಮೇಲೆ ಗೀರು ಎಳೆಯತೊಡಗಿದವು. ತಯಾರಕರು ಪ್ರತಿಫಲನ ತಗ್ಗಿಸುವ ಲೇಪ ಮತ್ತು ಮರೆಗಳನ್ನು ಪ್ರಯೋಗಿಸಿದ್ದಾರೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 2022ರಲ್ಲಿ ಆಕಾಶದ ಕತ್ತಲನ್ನು ಕಾಪಾಡುವ ಕೇಂದ್ರವೊಂದನ್ನು ಆರಂಭಿಸಿದೆ. ಈ ಕ್ರಮಗಳಿಂದ ಉಪಗ್ರಹಗಳು ನಿಜಕ್ಕೂ ಎಷ್ಟು ಮಂಕಾಗಿವೆ ಎಂಬುದನ್ನು ನಕ್ಷತ್ರಗಳೊಂದಿಗೆ ಹೋಲಿಸಿ ಅಳೆಯುವ ಕೆಲಸದಲ್ಲಿ ಹವ್ಯಾಸಿಗಳು ಪಾಲ್ಗೊಂಡಿದ್ದಾರೆ. ಅಪರೂಪದ ಒಂದು ಚುಕ್ಕೆಯನ್ನು ಹುಡುಕಲೆಂದು ಮೊದಲಾದ ಈ ಹವ್ಯಾಸದ ಮುಂದೆ ಈಗಿರುವುದು, ಲೆಕ್ಕಕ್ಕೆ ಸಿಗದಷ್ಟಾಗುತ್ತಿರುವ ಚುಕ್ಕೆಗಳಿಂದ ರಾತ್ರಿಯ ಆಕಾಶಕ್ಕೆ ಆಗುತ್ತಿರುವ ಬದಲಾವಣೆಯನ್ನು ದಾಖಲಿಸುವ ಕೆಲಸ.