ಕಡಿಯುವ ಧಾರೆ: ಎಲ್‌ಇಡಿ ಬೂಸ್ಟ್ ಡ್ರೈವರ್ ಅರ್ಥವಾದ ಬಗೆ

ಘಟಪ್ರಭೆಯ ನೀರಿನ ಬಲದಿಂದ ಗೋಕಾಕ ಫಾಲ್ಸಿನ ನೂಲಿನ ಗಿರಣಿ ತಿರುಗತೊಡಗಿದ್ದು 1887ರಲ್ಲಿ. ಪಕ್ಕದ ಕೊಣ್ಣೂರಿನವರು ಆ ಹೊಳೆಯನ್ನು ಎರಡೂ ರೂಪದಲ್ಲಿ ಬಲ್ಲರು: ಮಳೆಗಾಲದಲ್ಲಿ ತುಂಬಿ ಧುಮುಕುತ್ತದೆ, ಬೇಸಿಗೆಯಲ್ಲಿ ಧಾರೆ ಕಡಿಯುತ್ತದೆ. ಧಾರೆ ಕಡಿದರೆ ಹೊಳೆ ಕೆಟ್ಟಿತೆಂದು ಯಾರೂ ಹೇಳುವುದಿಲ್ಲ. ಎಲ್‌ಇಡಿ ಡ್ರೈವರಿನ ಕಾಯಿಲಿನಲ್ಲಿ ಕರೆಂಟು ಕಡಿದಾಗ ಮಾತ್ರ ಬೋರ್ಡು ಕೆಟ್ಟಿದೆ ಎಂದುಬಿಡುತ್ತೇವೆ.

1993ರಲ್ಲಿ ಶುಜಿ ನಕಾಮುರಾ ತೋರಿಸಿದ ಪ್ರಖರ ನೀಲಿ ಎಲ್‌ಇಡಿ ಬಿಳಿ ಬೆಳಕಿಗೆ ದಾರಿ ತೆರೆಯಿತು. ಸರಳ ದೀಪಗಳಿಗೆ ರೆಸಿಸ್ಟರ್ ಸಾಕಿತ್ತು. ಆದರೆ ಬ್ಯಾಟರಿ ಇಳಿದಂತೆ ಬೆಳಕೂ ಇಳಿಯುತ್ತಿತ್ತು. 12 ವೋಲ್ಟಿನ ಬ್ಯಾಟರಿಯಿಂದ 30 ವೋಲ್ಟಿನ ಎಲ್‌ಇಡಿ ಸರ ಬೆಳಗಲು ಬೂಸ್ಟ್ ಸರ್ಕೀಟೇ ಬೇಕು. ಸ್ವಿಚ್ ಆನ್ ಆದಾಗ ಕಾಯಿಲು ಶಕ್ತಿ ತುಂಬಿಕೊಳ್ಳುತ್ತದೆ, ಆಫ್ ಆದಾಗ ಡಯೋಡಿನ ಮೂಲಕ ಸರಕ್ಕೆ ಸುರಿಯುತ್ತದೆ. ಮುಂದಿನ ಸರದಿಗೆ ಮುಂಚೆಯೇ ಕಾಯಿಲು ಬರಿದಾದರೆ ಅದು ಡಿಸ್‌ಕಂಟಿನ್ಯುಯಸ್ ಕಂಡಕ್ಷನ್ ಮೋಡ್, ಚುಟುಕಾಗಿ ಡಿಸಿಎಂ, ಬರಿದಾಗದಿದ್ದರೆ ಕಂಟಿನ್ಯುಯಸ್ ಕಂಡಕ್ಷನ್ ಮೋಡ್, ಅಂದರೆ ಸಿಸಿಎಂ.

ಇದರ ಗಣಿತ ಬಿಳಿ ಎಲ್‌ಇಡಿಗಿಂತ ಹಳೆಯದು. ಕ್ಯಾಲ್ಟೆಕ್‌ನ ಮಿಡಲ್‌ಬ್ರೂಕ್ ಮತ್ತು ಚೂಕ್ 1976ರಲ್ಲಿ ಸರಾಸರಿ ವಿಧಾನ ಮುಂದಿಟ್ಟರು, 1977ರಲ್ಲಿ ಅದನ್ನು ಡಿಸಿಎಂಗೆ ವಿಸ್ತರಿಸಿದರು. 1990ರಲ್ಲಿ ವೊರ್ಪೇರಿಯನ್ ಎರಡೂ ಸ್ಥಿತಿಗಳಿಗೆ ಸರಳ ಸ್ವಿಚ್ ಮಾದರಿ ಕೊಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ರಾಮನಾರಾಯಣನ್ ಈ ವಿದ್ಯೆಯನ್ನು ಕಲಿಸಿದರು; ಅವರ ಪಾಠಗಳು ಇಂದು ಯಾವ ಊರಿನ ಹುಡುಗರಿಗೂ ಉಚಿತವಾಗಿ ಸಿಗುತ್ತವೆ. ಇವೆಲ್ಲದರ ಸಾರ ಇಷ್ಟು: ಸಿಸಿಎಂನಲ್ಲಿ ಔಟ್‌ಪುಟ್ ವೋಲ್ಟೇಜನ್ನು ಬಹುಮಟ್ಟಿಗೆ ಇನ್‌ಪುಟ್ ಮತ್ತು ಡ್ಯೂಟಿಯೇ (ಪ್ರತಿ ಸರದಿಯಲ್ಲಿ ಸ್ವಿಚ್ ಆನ್ ಇರುವ ಪಾಲು) ನಿರ್ಧರಿಸುತ್ತವೆ, ಡಿಸಿಎಂನಲ್ಲಿ ಲೋಡು, ಕಾಯಿಲು, ಫ್ರೀಕ್ವೆನ್ಸಿಯೂ ಲೆಕ್ಕಕ್ಕೆ ಬರುತ್ತವೆ.

ಮೇಜಿನ ಮೇಲೆ ಇದನ್ನು ನೋಡೋಣ. ಮೇಲಿನದೇ ಸರಕ್ಕೆ 350 ಮಿಲಿಆಂಪ್ ಕೊಡಬೇಕು. ನಷ್ಟ ಬಿಟ್ಟರೆ ಕಾಯಿಲಿನ ಸರಾಸರಿ ಕರೆಂಟು 0.875 ಆಂಪ್. ಡ್ಯೂಟಿ 0.6, ಫ್ರೀಕ್ವೆನ್ಸಿ 100 ಕಿಲೋಹರ್ಟ್ಸ್. 22 ಮೈಕ್ರೋಹೆನ್ರಿಯ ಕಾಯಿಲು ಹಾಕಿದರೆ ಅದರ ಕರೆಂಟಿನ ಏರಿಳಿತ 3.27 ಆಂಪ್ ಆಗಬೇಕು. ಅದರ ಅರ್ಧ 1.64; ಸರಾಸರಿ ಅದಕ್ಕಿಂತ ಕಡಿಮೆ, ಹಾಗಾಗಿ ಕರೆಂಟು ಕಡಿಯಲೇಬೇಕು. 100 ಮೈಕ್ರೋಹೆನ್ರಿ ಹಾಕಿದರೆ ಅರ್ಧ ಏರಿಳಿತ 0.36ಕ್ಕೆ ಇಳಿದು ಧಾರೆ ಕೂಡಿಕೊಳ್ಳುತ್ತದೆ. ಬೆಳಕನ್ನು 100 ಮಿಲಿಆಂಪಿಗೆ ತಗ್ಗಿಸಿದರೆ ಸರಾಸರಿ 0.25, ಮತ್ತೆ ಡಿಸಿಎಂ.

ಆಗ ಆಸಿಲೋಸ್ಕೋಪಿನಲ್ಲಿ ಸ್ವಿಚ್ಚಿನ ತುದಿ ನೋಡಿ. ಡಯೋಡು ನಿಂತ ಮೇಲೆ ಅಲೆ 12 ವೋಲ್ಟಿನ ಸುತ್ತ ತೂಗಾಡುತ್ತ ಅಡಗುತ್ತದೆ. ಇದು ಕಾಯಿಲು ಮತ್ತು ಬಿಡಿಭಾಗಗಳ ಕೆಪಾಸಿಟೆನ್ಸ್ ನಡುವಿನ ತೂಗಾಟ, ಡಿಸಿಎಂನ ಸಹಜ ಗುರುತು. ಕರೆಂಟಿನ ಏರುಗೆರೆ ಕೊನೆಯಲ್ಲಿ ಥಟ್ಟನೆ ಕಡಿದಾಗಿ ಮೇಲೇರಿದರೆ ಮಾತ್ರ ಕಾಯಿಲು ಸ್ಯಾಚುರೇಟ್ ಆಗಿದೆಯೇ ಎಂದು ಶಂಕಿಸಬೇಕು. ಬೆಳಕು ಮಿನುಗಿದರೆ ಕರೆಂಟು ಅಳೆಯುವ ಸೆನ್ಸ್ ರೆಸಿಸ್ಟರಿನ ಬೆಸುಗೆ, ನಿಯಂತ್ರಣ ಲೂಪಿನ ಕಾಂಪೆನ್ಸೇಷನ್ ಎರಡನ್ನೂ ಪರೀಕ್ಷಿಸಬೇಕು.

ಈಗ ಸಣ್ಣ ದೀಪಗಳಲ್ಲಿ ಡಿಸಿಎಂ ಬೇಕೆಂದೇ ಆರಿಸುವ ಸ್ಥಿತಿ: ಕಾಯಿಲು ಚಿಕ್ಕದು, ನಿಯಂತ್ರಣ ಸುಲಭ, ಡಯೋಡಿಗೆ ಪೆಟ್ಟು ಕಡಿಮೆ, ಬೆಲೆಯಾಗಿ ಕರೆಂಟಿನ ಶಿಖರ ಎತ್ತರ. ಬೆಳಕು ತಗ್ಗಿಸುವಾಗಲೂ ಸಿಸಿಎಂ ಬಿಡಬಾರದೆಂದರೆ, ದೀಪವನ್ನು ವೇಗವಾಗಿ ಆರಿಸಿ ಉರಿಸುವ ಪಿಡಬ್ಲ್ಯುಎಂ ಡಿಮ್ಮಿಂಗ್ ಬಳಸಿ. ಉರಿಯುವಷ್ಟು ಹೊತ್ತು ಪೂರ್ಣ ಕರೆಂಟೇ ಹರಿಯುತ್ತದೆ. ಬೋರ್ಡಿಗೆ ಬೆಸುಗೆ ಕಡ್ಡಿ ತಾಗಿಸುವ ಮೊದಲು ಆ ಎರಡು ಅಂಕಿಗಳನ್ನು ಹೋಲಿಸಿ: ಸರಾಸರಿ ಕರೆಂಟು, ಅರ್ಧ ಏರಿಳಿತ.