ಎಸೆಯಲಿದ್ದ ರೊಟ್ಟಿಯಿಂದ ಹುಟ್ಟಿದ ತಿನಿಸು

ಶ್ರಾವಕನು ವ್ರತಗಳನ್ನು ಸ್ವೀಕರಿಸುವುದು ಬಸದಿಯಲ್ಲಿ. ಅವುಗಳ ಪರೀಕ್ಷೆ ನಡೆಯುವುದು ಅಡುಗೆಮನೆಯಲ್ಲಿ ಮತ್ತು ಅಂಗಡಿಯಲ್ಲಿ. ಹಬ್ಬ ಮುಗಿದ ಮೇಲೆ ಡಬ್ಬಿಯ ತಳದಲ್ಲಿ ಉಳಿದ ಚಿಪ್ಸಿನ ಚೂರು, ಅರ್ಧ ತಿಂದು ಬಿಟ್ಟ ಪೊಟ್ಟಣ, ಮೆತ್ತಗಾಯಿತೆಂದು ಯಾರೂ ಮುಟ್ಟದ ಸೇವು - ಇವು ಅಲ್ಪ ವಸ್ತುಗಳೆಂದು ತೋರಬಹುದು. ಆದರೆ ಮಣ್ಣು, ನೀರು, ಬೆಂಕಿ, ಎಣ್ಣೆ, ಮನುಷ್ಯಶ್ರಮ ಇವೆಲ್ಲವೂ ವ್ಯಯವಾಗಿ, ಅಸಂಖ್ಯ ಏಕೇಂದ್ರಿಯ ಜೀವಿಗಳ ಘಾತದಿಂದ ಸಿದ್ಧವಾದ ಪದಾರ್ಥವು ಯಾರ ಹಸಿವನ್ನೂ ತಣಿಸದೆ ಹೋದರೆ, ಆ ಹಿಂಸೆಗೆ ಪ್ರಯೋಜನವೆಂಬುದೇ ಇರುವುದಿಲ್ಲ. ಜೈನಾಚಾರ್ಯರು ಇಂತಹುದನ್ನೇ ಅನರ್ಥದಂಡವೆಂದು ಕರೆದು, ಅದರಿಂದ ವಿರತನಾಗುವುದನ್ನು ಗೃಹಸ್ಥನ ಗುಣವ್ರತಗಳಲ್ಲಿ ಒಂದಾಗಿ ಎಣಿಸಿದರು.

ಈ ದೃಷ್ಟಿಯಿಂದ, ಇಂದು ಪೊಟ್ಟಣಗಳಲ್ಲಿ ಮಾರಾಟವಾಗುವ ಮುಸುಕಿನ ಜೋಳದ ಚಿಪ್ಸಿನ ಚರಿತ್ರೆ ವಿಚಾರಾರ್ಹವಾಗಿದೆ. ಎಸೆಯಲಿದ್ದ ರೊಟ್ಟಿಯನ್ನು ಉಳಿಸಿಕೊಳ್ಳುವ ಪ್ರಯತ್ನಕ್ಕೂ ಈ ತಿನಿಸಿನ ಬೆಳವಣಿಗೆಗೂ ನಿಕಟ ಸಂಬಂಧವಿದೆ. ಮುಂದೆ ಅದೇ ತಿನಿಸು ಎಸೆಯಲ್ಪಡುವ ವಸ್ತುಗಳ ಸಾಲಿಗೆ ಸೇರಿತು. ಹೀಗೇಕಾಯಿತೆಂಬುದನ್ನು ಅರಿತರೆ ಗೃಹಸ್ಥರಿಗೂ ಬಸದಿಯ ಟ್ರಸ್ಟುಗಳಿಗೂ ಪ್ರಯೋಜನವುಂಟು.

ಅರೆಯುವ ಕಲ್ಲಿನ ಕಾಲ

ಮೆಕ್ಸಿಕೋ ದೇಶದ ಮುಖ್ಯ ಆಹಾರ ಮುಸುಕಿನ ಜೋಳ. ಅಲ್ಲಿಯ ಮೂಲನಿವಾಸಿಗಳು ಪ್ರಾಚೀನ ಕಾಲದಿಂದಲೂ ಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಿಟ್ಟು, ಸಿಪ್ಪೆ ತೊಳೆದು, ಇಳಿಜಾರಾದ ಕಲ್ಲಿನ ಮೇಲೆ ನುಣ್ಣಗೆ ಅರೆದು, ತೆಳುವಾಗಿ ತಟ್ಟಿ ಹೆಂಚಿನ ಮೇಲೆ ಸುಡುತ್ತಿದ್ದರು. ಈ ರೊಟ್ಟಿಗೆ ಟೋರ್ಟಿಯಾ ಎಂದು ಹೆಸರು. ಯಂತ್ರದ ಗಿರಣಿಗಳು ಹಳ್ಳಿಗಳನ್ನು ತಲಪುವವರೆಗೆ, ಈ ಅರೆಯುವ ಕೆಲಸಕ್ಕಾಗಿ ಮನೆಯ ಹೆಂಗಸರು ಪ್ರತಿದಿನವೂ ಗಂಟೆಗಟ್ಟಲೆ ಕಲ್ಲಿನ ಮುಂದೆ ಮಂಡಿಯೂರಿ ದುಡಿಯಬೇಕಾಗಿತ್ತು.

ಇಷ್ಟು ಶ್ರಮದಿಂದ ಸಿದ್ಧವಾದ ರೊಟ್ಟಿಯನ್ನು ಯಾರು ತಾನೇ ಎಸೆದಾರು? ಉಳಿದ ರೊಟ್ಟಿಯನ್ನು ಒಣಗಿಸಿ ಅಥವಾ ಕರಿದು ಗರಿಗರಿಯಾಗಿಸುವುದು ಒಂದು ಪದ್ಧತಿ. ಅದನ್ನು ಚೂರು ಮಾಡಿ ಮೆಣಸಿನಕಾಯಿಯ ಸಾರಿನಲ್ಲಿ ಕುದಿಸಿ ಉಣ್ಣುವುದು ಇನ್ನೊಂದು ಪದ್ಧತಿ. ಈ ಎರಡನೆಯ ಅಡುಗೆಗೆ ಚಿಲಾಕಿಲೆಸ್ ಎನ್ನುತ್ತಾರೆ. ಆ ಹೆಸರು ಅಜ್‌ಟೆಕ್ ಜನರ ನಾವಾಟ್ಲ್ ಭಾಷೆಯಿಂದ ಬಂದುದು. 1898ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎನ್‌ಕಾರ್ನಾಸಿಯೋನ್ ಪಿನೇದೋ ಎಂಬ ಮಹಿಳೆ ಸ್ಪ್ಯಾನಿಷ್ ಭಾಷೆಯಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿಯೂ ಈ ಅಡುಗೆ ಸೇರಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಯನ್ನು ಕಟಕಾಗಿ ಒಣಗಿಸಿ ಪೇರಿಸಿಡುವುದನ್ನೂ, ಉಳಿದ ರೊಟ್ಟಿಯನ್ನು ಮುರಿದು ಒಗ್ಗರಣೆ ಕೊಡುವುದನ್ನೂ ಬಲ್ಲವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ. ಶ್ರಮದ ಬೆಲೆಯನ್ನು ಕೈಗಳು ಬಲ್ಲ ಕಾಲದಲ್ಲಿ ಮಿತವ್ಯಯವನ್ನು ಯಾರೂ ಬೋಧಿಸಬೇಕಾಗಿರಲಿಲ್ಲ.

ಯಂತ್ರ ಬಂದ ಮೇಲೆ

ಯಂತ್ರವು ಕೈಯ ಶ್ರಮವನ್ನು ಕಳೆಯಿತು. ಅದರೊಡನೆ ಒಂದು ಹೊಸ ಸಮಸ್ಯೆಯನ್ನೂ ತಂದಿತು. ಲಾಸ್ ಏಂಜಲಿಸ್ ನಗರದಲ್ಲಿ ಎಲ್ ಸರಾಪೆ ಎಂಬ ಟೋರ್ಟಿಯಾ ಕಾರ್ಖಾನೆಯಿತ್ತು. 1940ರ ದಶಕದ ಉತ್ತರಾರ್ಧದಲ್ಲಿ ಅಲ್ಲಿ ರೊಟ್ಟಿ ಮಾಡುವ ಸ್ವಯಂಚಾಲಿತ ಯಂತ್ರವನ್ನು ಸ್ಥಾಪಿಸಲಾಯಿತು. ಯಂತ್ರದಿಂದ ಹೊರಬಿದ್ದ ರೊಟ್ಟಿಗಳಲ್ಲಿ ಬಹಳಷ್ಟು ಸೊಟ್ಟಗಾಗಿಯೋ ಮಡಿಚಿಕೊಂಡೋ ಇರುತ್ತಿದ್ದವು. ಗುಣದಲ್ಲಿ ಅವುಗಳಿಗೆ ಯಾವ ಕೊರತೆಯೂ ಇರಲಿಲ್ಲ, ಆಕಾರದ ಕೊರತೆಯೊಂದೇ. ಆದರೂ ಗಿರಾಕಿ ಕೊಳ್ಳುವುದಿಲ್ಲವಾದ್ದರಿಂದ ಅವುಗಳನ್ನು ತೆಗೆದುಹಾಕಲಾಗುತ್ತಿತ್ತು.

ಕಾರ್ಖಾನೆಯ ಒಡತಿಯರಲ್ಲಿ ಒಬ್ಬರಾದ ರೆಬೆಕಾ ವೆಬ್ ಕರಾನ್ಸಾ ಮೆಕ್ಸಿಕೋದ ದುರಾಂಗೋದಲ್ಲಿ 1907ರಲ್ಲಿ ಜನಿಸಿದವರು. ಕುಟುಂಬದ ಒಂದು ಸಮಾರಂಭಕ್ಕಾಗಿ ಅವರು ಇಂತಹ ಸೊಟ್ಟ ರೊಟ್ಟಿಗಳನ್ನು ತ್ರಿಕೋನಾಕಾರವಾಗಿ ಕತ್ತರಿಸಿ ಕರಿದರು. ಬಂದವರೆಲ್ಲರೂ ಮೆಚ್ಚಿದರು. ಬಳಿಕ ಚಿಕ್ಕ ಚೀಲಗಳಲ್ಲಿ ತುಂಬಿ, ಚೀಲಕ್ಕೆ 10 ಸೆಂಟ್ ಬೆಲೆಯಿಟ್ಟು ಮಾರತೊಡಗಿದರು. ಕರಿದ ರೊಟ್ಟಿಯ ಚೂರು ಮೆಕ್ಸಿಕೋದವರಿಗೆ ಹೊಸದೇನಲ್ಲ. ಆದರೆ ಕಾರ್ಖಾನೆಯ ತ್ಯಾಜ್ಯವನ್ನು ಸರಕನ್ನಾಗಿ ಮಾರ್ಪಡಿಸಿದ್ದು ಅವರ ವಿವೇಕ. 1994ರಲ್ಲಿ ಆ ಉದ್ಯಮದವರು ಅವರನ್ನು ಸನ್ಮಾನಿಸಿದರು. 2006ರಲ್ಲಿ ಅವರು ಕಾಲವಾದರು.

ಇಲ್ಲಿ ವ್ಯಾಪಾರಿಯ ಖಾತೆಯೂ ವ್ರತಿಯ ಖಾತೆಯೂ ಒಂದೇ ಫಲವನ್ನು ತೋರಿಸುತ್ತವೆ. ನಷ್ಟದ ಬಾಬ್ತು ಜಮೆಗೆ ಬಂದಿತು. ಆಗಿಹೋದ ಆರಂಭವು ವ್ಯರ್ಥವಾಗಲಿಲ್ಲ.

ಎರಡು ಖಾತೆಗಳು ಬೇರೆಯಾದ ಬಗೆ

ಇದಕ್ಕಿಂತ ಮುಂಚೆಯೇ, 1932ರಲ್ಲಿ, ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಚಾರ್ಲ್ಸ್ ಎಲ್ಮರ್ ಡೂಲಿನ್ ಎಂಬ ವರ್ತಕರು ಗುಸ್ತಾವೋ ಓಲ್ಗಿನ್ ಎಂಬ ಮೆಕ್ಸಿಕೋದವರಿಂದ ಜೋಳದ ಹಿಟ್ಟಿನ ಕರಿದ ತಿನಿಸೊಂದರ ಕ್ರಮವನ್ನು ಕೊಂಡುಕೊಂಡಿದ್ದರು. ಅದೇ ಫ್ರಿಟೋಸ್. ಅವರ ತಾಯಿ ಡೇಸಿ ಡೀನ್ ಡೂಲಿನ್ ಅವರು ಈ ತಿನಿಸನ್ನು ಬೆರೆಸಿ ಮಾಡುವ ಅನೇಕ ಅಡುಗೆಗಳನ್ನು ರೂಪಿಸಿದರು. ಇಂತಹ ಪಾಕವಿಧಾನಗಳನ್ನು ಸಂಸ್ಥೆಯು ಪ್ರಚಾರಕ್ಕೆ ಬಳಸಿತು. ಡಬ್ಬಿಯ ತಳದ ಚೂರನ್ನು ಅಡುಗೆಗೆ ಹಾಕುವ ಗೃಹಿಣಿಯ ಜಾಣತನಕ್ಕೂ ಇದಕ್ಕೂ ಹೊರನೋಟಕ್ಕೆ ಭೇದ ಕಾಣಿಸದು. ಆದರೆ ಉದ್ದೇಶ ಬೇರೆ. ಗೃಹಿಣಿಯದು ಇದ್ದುದನ್ನು ಮುಗಿಸುವ ಉಪಾಯ. ಸಂಸ್ಥೆಯದು ಹೊಸ ಪೊಟ್ಟಣವನ್ನು ಕೊಳ್ಳಿಸುವ ಉಪಾಯ.

1955ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಆ ಸಂಸ್ಥೆಯ ಹೆಸರಿನ ಉಪಾಹಾರಗೃಹವೊಂದು ಆರಂಭವಾಯಿತು. ಅಲ್ಲಿ ಹಳತಾದ ಟೋರ್ಟಿಯಾಗಳನ್ನು ಎಸೆಯುತ್ತಿದ್ದುದನ್ನು ಕಂಡು, ರೊಟ್ಟಿ ಒದಗಿಸುತ್ತಿದ್ದ ಅಲೆಕ್ಸ್ ಫುಡ್ಸ್ ಸಂಸ್ಥೆಯ ಮಾರಾಟಗಾರರೊಬ್ಬರು ಅವುಗಳನ್ನು ಕರಿದು ಚಿಪ್ಸ್ ಮಾಡುವಂತೆ ಸೂಚಿಸಿದರೆಂಬ ಕಥನ ಪ್ರಚಲಿತವಾಗಿದೆ. ಫ್ರಿಟೋ-ಲೇ ಸಂಸ್ಥೆಯ ಅಧಿಕಾರಿ ಆರ್ಚ್ ವೆಸ್ಟ್ ಆ ಚಿಪ್ಸಿನಲ್ಲಿ ವ್ಯಾಪಾರದ ಅವಕಾಶವನ್ನು ಕಂಡರು. 1966ರಲ್ಲಿ ಡೊರಿಟೋಸ್ ಎಂಬ ಹೆಸರಿನಿಂದ ಅಂತಹ ಚಿಪ್ಸ್ ಅಮೆರಿಕದಾದ್ಯಂತ ಮಾರಾಟಕ್ಕೆ ಬಂದವು.

ಅಲ್ಲಿಂದ ಮುಂದೆ ಉಳಿದ ರೊಟ್ಟಿಗಾಗಿ ಕಾಯುವ ಪ್ರಸಂಗವೇ ಇರಲಿಲ್ಲ. ಚಿಪ್ಸಿಗಾಗಿಯೇ ಜೋಳವನ್ನು ಬೇಯಿಸಿ ಅರೆಯುವ ಕಾರ್ಖಾನೆಗಳು ನಡೆದವು. ತ್ಯಾಜ್ಯವನ್ನು ತಪ್ಪಿಸಲು ಕಂಡುಕೊಂಡ ಉಪಾಯವೇ ಹೊಸ ಆರಂಭಕ್ಕೆ ಕಾರಣವಾಯಿತು. ಇದರಿಂದ ಗ್ರಹಿಸಬೇಕಾದ ತತ್ತ್ವ ಒಂದೇ: ಉಳಿದುದನ್ನು ಬಳಸುವುದರಿಂದ ಹೊಸದರ ಅಗತ್ಯ ಕಡಿಮೆಯಾದರೆ ಮಾತ್ರ ಅದು ಸಂಯಮ, ಅಗತ್ಯ ಹೆಚ್ಚಾದರೆ ಅದು ರುಚಿಯ ವಿಸ್ತಾರವಷ್ಟೆ.

ಶ್ರಾವಕನ ಅಳತೆಗೋಲು

ತತ್ತ್ವಾರ್ಥಸೂತ್ರವು ಅನರ್ಥದಂಡವ್ರತದ ಅತಿಚಾರಗಳಲ್ಲಿ ಉಪಭೋಗಪರಿಭೋಗಾನರ್ಥಕ್ಯವನ್ನು ಹೇಳುತ್ತದೆ. ಭೋಗವಸ್ತುಗಳನ್ನು ಆವಶ್ಯಕತೆಗಿಂತ ಅಧಿಕವಾಗಿ ಕೂಡಿಹಾಕುವುದೇ ದೋಷವೆಂದು ಇದರ ಅರ್ಥ. ಎಸೆದಾಗ ಮಾತ್ರ ದೋಷವೆಂದು ಸೂತ್ರಕಾರರು ಹೇಳಲಿಲ್ಲ. ಮೂರು ಪೊಟ್ಟಣ ಸಾಕಾಗುವಲ್ಲಿ ಹತ್ತು ಪೊಟ್ಟಣ ಕೊಂಡಾಗಲೇ ಲೋಪವು ಘಟಿಸಿರುತ್ತದೆ. ಕಸದ ಬುಟ್ಟಿಯು ಅದರ ಸಾಕ್ಷಿ ಮಾತ್ರ.

ಶ್ರಾವಕನಿಗೆ ಇನ್ನೊಂದು ಕಟ್ಟೂ ಇದೆ. ಎಸೆಯಬಾರದೆಂಬ ಕಾರಣಕ್ಕೆ ಹಳಸಿದುದನ್ನು ಉಣ್ಣುವಂತಿಲ್ಲ. ಆಹಾರಕ್ಕೆ ಮರ್ಯಾದೆಯುಂಟು: ಅನ್ನ, ಸಾರು, ಮೆತ್ತನೆಯ ರೊಟ್ಟಿ ಮೊದಲಾದ ನೀರಿನ ಅಂಶವುಳ್ಳವು ಆಯಾ ದಿನವೇ ಮುಗಿಯಬೇಕು. ಹಿಟ್ಟಿಗೆ ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ದಿನಗಳೆಂಬ ಗಡುವು ದಿಗಂಬರ ಪರಂಪರೆಯಲ್ಲಿ ರೂಢವಾಗಿದೆ. ರುಚಿ, ವಾಸನೆ ಕೆಟ್ಟ ಪದಾರ್ಥವು ಚಲಿತರಸವೆನಿಸಿ ತ್ಯಾಜ್ಯವಾಗುತ್ತದೆ. ಆದ್ದರಿಂದ ರಾತ್ರಿ ಕಳೆದ ರೊಟ್ಟಿಯಿಂದ ಮಾಡಿದ ಚಿಲಾಕಿಲೆಸ್ ಶ್ರಾವಕನಿಗೆ ಸಲ್ಲದು. ಆದರೆ ಬೇಯಿಸಿದ ದಿನವೇ, ಸೊಟ್ಟಗಾಗಿದೆ ಎಂಬ ಕಾರಣದಿಂದ ತಿರಸ್ಕೃತವಾದ ರೊಟ್ಟಿಯಲ್ಲಿ ಯಾವ ದೋಷವಿದೆ? ಹಳತಾದುದು ಬೇರೆ, ಅಂದಗೆಟ್ಟುದು ಬೇರೆ. ಇಂದಿನ ಮನೆಗಳಲ್ಲಿ ಎಸೆಯಲ್ಪಡುವ ತಿನಿಸಿನಲ್ಲಿ ಎರಡನೆಯ ಬಗೆಯದೂ ಬಹಳವಿದೆ: ಮುರಿದ ಚಕ್ಕುಲಿ, ಪುಡಿಯಾದ ಚಿಪ್ಸ್, ಚೀಲದ ತಳದ ಚೂರು.

ಮರ್ಯಾದೆಯೊಳಗಿರುವ ಕರಿದ ತಿನಿಸು ಮೆತ್ತಗಾಗುವುದು ಗಾಳಿಯ ತೇವವನ್ನು ಹೀರುವುದರಿಂದ. ಅದನ್ನು ಸಣ್ಣ ಉರಿಯಲ್ಲಿ ಬಾಣಲೆಯಲ್ಲಿಟ್ಟು ಬೆಚ್ಚಗೆ ಮಾಡಿದರೆ ಮತ್ತೆ ಗರಿಗರಿಯಾಗುತ್ತದೆ. ಕಮಟು ವಾಸನೆ ಬರುವುದು ಎಣ್ಣೆಯು ಗಾಳಿಯೊಡನೆ ಸೇರಿ ಕೆಡುವುದರಿಂದ. ಅದನ್ನು ಯಾವ ಉಪಾಯದಿಂದಲೂ ಸರಿಪಡಿಸಲಾಗದು, ಅದು ಚಲಿತರಸವೇ ಸರಿ. ಚೂರುಗಳನ್ನು ಪಲ್ಯದ ಮೇಲೆ ಉದುರಿಸಬಹುದು. ಪುಡಿಮಾಡಿ ಗೊಜ್ಜನ್ನು ಗಟ್ಟಿಗೊಳಿಸಬಹುದು. ಕಡಲೆಹಿಟ್ಟಿನ ಸೇವನ್ನು ಹಸಿ ಮೊಸರಿನೊಡನೆ ಬೆರೆಸಿದರೆ ದ್ವಿದಳದೋಷ ಬರುತ್ತದೆ. ಅಪ್ಪಟ ಜೋಳದ ತಿನಿಸಿಗೆ ಆ ದೋಷವಿಲ್ಲ. ಪೊಟ್ಟಣದ ತಿನಿಸಾದರೆ ಈರುಳ್ಳಿ, ಬೆಳ್ಳುಳ್ಳಿಯ ಪುಡಿ ಇದೆಯೇ ಎಂದು ಕೊಳ್ಳುವ ಮುನ್ನವೇ ಓದಿ ನೋಡಬೇಕು; ಮನೆಗೆ ತಂದ ಮೇಲೆ ಕಂಡುಕೊಂಡು ಎಸೆಯುವುದು ಎರಡನೆಯ ದೋಷವಾದೀತು.

ಟ್ರಸ್ಟುಗಳ ಹೊಣೆ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಸುಮಾರು 63 ಕೋಟಿ ಟನ್ ಮನೆಗಳಿಂದಲೂ, 29 ಕೋಟಿ ಟನ್ ಉಪಾಹಾರಗೃಹ ಮೊದಲಾದ ಊಟೋಪಚಾರದ ಸ್ಥಳಗಳಿಂದಲೂ ಬಂದುದು. ಅಂಗಡಿಗಳ ಪಾಲು ಇವೆರಡಕ್ಕಿಂತ ಕಡಿಮೆ. ಸರಕಿನ ಪ್ರತಿಯೊಂದು ಕಿಲೋಗ್ರಾಮಿಗೂ ಲೆಕ್ಕವಿಡುವವನ ಬಳಿ ನಷ್ಟ ಕಡಿಮೆ. ಲೆಕ್ಕವಿಡದ ಅಡುಗೆಮನೆಯಲ್ಲಿ ನಷ್ಟ ಅಧಿಕ. ಇದು ವರ್ತಕ ಸಮಾಜಕ್ಕೆ ವಿವರಿಸಬೇಕಾದ ಸಂಗತಿಯಲ್ಲ.

ಆದುದರಿಂದ ಪಂಚಕಲ್ಯಾಣ, ರಥೋತ್ಸವ, ಪರ್ಯುಷಣದ ಪಾರಣೆ ಮೊದಲಾದ ಸಂದರ್ಭಗಳಲ್ಲಿ ಟ್ರಸ್ಟುಗಳು ಹಣದ ಲೆಕ್ಕದೊಡನೆ ಅನ್ನದ ಲೆಕ್ಕವನ್ನೂ ಇಡುವುದು ಯುಕ್ತ. ಎಷ್ಟು ಜನರನ್ನು ನಿರೀಕ್ಷಿಸಲಾಗಿತ್ತು, ಎಷ್ಟು ಜನ ಉಂಡರು, ಯಾವ ತಿನಿಸು ಎಷ್ಟು ಉಳಿಯಿತು ಎಂಬ ಮೂರು ಅಂಕಣಗಳು ಸಾಕು. ಈ ವರ್ಷದ ಶಿಲ್ಕು ಮುಂದಿನ ವರ್ಷದ ಅಡುಗೆಯ ಅಳತೆಯಾಗಬೇಕು. ಎಲೆಗೆ ಬಡಿಸದೆ ಉಳಿದ ಒಣ ತಿನಿಸನ್ನು ಅಂದೇ ಹಗಲಿರುವಾಗ ಹಂಚಿಬಿಡಬೇಕು. ಬಡಿಸಿದ ಮೇಲೆ ಉಳಿದುದು ಎಂಜಲು; ಅದರಲ್ಲಿ ಅಂತರ್ಮುಹೂರ್ತದಲ್ಲಿ ಸಮ್ಮೂರ್ಛನ ಜೀವಗಳ ಉತ್ಪತ್ತಿಯಾಗುವುದೆಂದು ಹಿರಿಯರು ಎಚ್ಚರಿಸುತ್ತಾರೆ. ಅದನ್ನು ತಪ್ಪಿಸುವ ಮಾರ್ಗ ಸ್ವಲ್ಪವೇ ಬಡಿಸಿ ಮತ್ತೆ ಕೇಳುವುದು. ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಕುಟುಂಬಗಳು ಜೈನ ಸಮಾಜದಲ್ಲಿ ಇಂದಿಗೂ ಇವೆ. ಅದನ್ನು ಜಿಪುಣತನವೆಂದು ನಗುವವರು ಅದರ ಹಿಂದಿರುವ ಕರುಣೆಯನ್ನು ಅರಿಯರು.

ರೆಬೆಕಾ ಕರಾನ್ಸಾ ಅವರಿಗೆ ಜೈನಶಾಸ್ತ್ರದ ಪರಿಚಯವಿರಲಿಲ್ಲ. ಆದರೂ ಸೊಟ್ಟ ರೊಟ್ಟಿಯಲ್ಲಿ ಅವರು ಅನ್ನವನ್ನೇ ಕಂಡರು. ಶಾಸ್ತ್ರವನ್ನು ಬಲ್ಲವರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕಾಗಿದೆ. ಉಳಿದುದನ್ನು ಸದ್ವಿನಿಯೋಗಿಸುವುದು ಒಳ್ಳೆಯದು. ಉಳಿಯದಂತೆ ಅಳೆದು ಒಲೆ ಹೊತ್ತಿಸುವುದು ಅದಕ್ಕಿಂತ ಒಳ್ಳೆಯದು. ಅಪರಿಗ್ರಹದ ಪಾಠವು ದೊಡ್ಡ ಸಂಪತ್ತಿನ ತ್ಯಾಗದಿಂದಲೇ ಆರಂಭವಾಗಬೇಕಾಗಿಲ್ಲ. ಒಂದು ಹಿಡಿ ತಿನಿಸಿನ ಅಳತೆಯಿಂದಲೂ ಆರಂಭವಾಗಬಹುದು.