ಕಬ್ಬಿನ ಹಾಲಿನ ಸುಣ್ಣ ಶುದ್ಧೀಕರಣ (ಹೊಸಪೇಟೆ–ಕಂಪ್ಲಿ ಪ್ರದೇಶ)

ಕಬ್ಬಿನ ಹಾಲಿಗೆ ಸುಣ್ಣ ಬೆರೆಸಿ, ಅದರ ಕಲ್ಮಶವನ್ನು ಪ್ರಕ್ಷೇಪವಾಗಿಸಿ ಬೇರ್ಪಡಿಸುವ ವಿಧಾನ. ಆಲೆಮನೆಯೂ ಸಕ್ಕರೆ ಕಾರ್ಖಾನೆಯೂ ಇದನ್ನೇ ನಂಬಿವೆ. ವಿಜಯನಗರ ಕಾಲದ ರಾಯ, ಬಸವಣ್ಣ, ತುರ್ತು ಮುಂತಾದ ಕಾಲುವೆಗಳಿಂದ ಹೊಸಪೇಟೆ, ಹಂಪಿ, ಕಂಪ್ಲಿಯ ಬಯಲಲ್ಲಿ ಕಬ್ಬು ನೆಲೆಯೂರಿತು.

ಆಲೆಮನೆಯಲ್ಲಿ ಅಳತೆಗೆ ಕಣ್ಣೇ ಆಧಾರ. ಕೊಪ್ಪರಿಗೆಯ ಹಾಲು ಕಾಯುವಾಗ ಸುಣ್ಣದ ನೀರು, ಬೆಂಡೆಯ ಲೋಳೆ ಹಾಕಿ, ಮೇಲೆದ್ದ ಮಡ್ಡಿಯನ್ನು ತೆಗೆಯುತ್ತಾರೆ. ಸುಣ್ಣ ಸಾಲದಿದ್ದರೆ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗದು, ಮಿಕ್ಕರೆ ಕಪ್ಪಾಗುತ್ತದೆ. ಕಾರ್ಖಾನೆಗೆ ಕಣ್ಣಿನ ಬದಲು ತೂಕದ ಲೆಕ್ಕವೇ ಆಧಾರ; ವಸ್ತುಗಳು ಗೊತ್ತಾದ ತೂಕದಲ್ಲೇ ಕೂಡುತ್ತವೆಂಬ ಆ ಲೆಕ್ಕವನ್ನು ಜರ್ಮನಿಯ ಯೆರೆಮಿಯಾಸ್ ರಿಕ್ಟರ್ 1792ರಿಂದ ಪ್ರಕಟಿಸತೊಡಗಿದ.

1932ರ ಸಕ್ಕರೆ ಉದ್ಯಮ ಸಂರಕ್ಷಣಾ ಕಾಯ್ದೆಯಿಂದ ದೇಶದಲ್ಲಿ ಕಾರ್ಖಾನೆಗಳು ಹೆಚ್ಚಿದವು. ಹೊಸಪೇಟೆಯ ಇಂಡಿಯಾ ಶುಗರ್ಸ್ ಅಂಡ್ ರಿಫೈನರೀಸ್ ಆ ದಶಕದ್ದೇ.

ಹಾಲಿನಲ್ಲಿ ಸಹಜವಾಗಿರುವ ಫಾಸ್ಫೇಟ್ ಸುಣ್ಣದೊಡನೆ ಕೂಡಿ ಕ್ಯಾಲ್ಸಿಯಂ ಫಾಸ್ಫೇಟ್ ಆಗುತ್ತದೆ. ಮೇಣ, ಮಣ್ಣು, ಪ್ರೋಟೀನುಗಳನ್ನು ಹಿಡಿದುಕೊಂಡೇ ತಳ ಸೇರುತ್ತದೆ. ಇಲ್ಲಿ ಮೊದಲು ಮುಗಿಯುವುದು, ಅಂದರೆ ಕ್ರಿಯೆಗೆ ಮಿತಿ ಹಾಕುವುದು, ಬಹುಮಟ್ಟಿಗೆ ಫಾಸ್ಫೇಟ್. ಫಾಸ್ಫರಸ್ ಪೆಂಟಾಕ್ಸೈಡ್ ಲೆಕ್ಕದಲ್ಲಿ ಅದು ಲೀಟರಿಗೆ ಸುಮಾರು 300 ಮಿಲಿಗ್ರಾಂಗಿಂತ ತೀರ ಕಡಿಮೆಯಿದ್ದರೆ, ಸುಣ್ಣ ಸುರಿದು ಪ್ರಯೋಜನವಿಲ್ಲ. ಉಳಿದ ಸುಣ್ಣ ಗ್ಲೂಕೋಸನ್ನು ಒಡೆದು ಬಣ್ಣ ಕೆಡಿಸುತ್ತದೆ. ಕೊರತೆ ತುಂಬಲು ಫಾಸ್ಫಾರಿಕ್ ಆಮ್ಲ ಸೇರಿಸುತ್ತಾರೆ.

ಭಾರತದ ಬಹುಪಾಲು ಬಿಳಿ ಸಕ್ಕರೆ ಕಾರ್ಖಾನೆಗಳಲ್ಲಿ ಇದರ ಜೊತೆಗೆ ಗಂಧಕ ಸುಟ್ಟ ಅನಿಲವನ್ನೂ ಹಾಯಿಸುತ್ತಾರೆ. 74 ಕಿಲೋ ಅರಳಿದ ಸುಣ್ಣಕ್ಕೆ 64 ಕಿಲೋ ಸಲ್ಫರ್ ಡೈಆಕ್ಸೈಡ್ ಸರಿಹೊಂದಿ ಕ್ಯಾಲ್ಸಿಯಂ ಸಲ್ಫೈಟ್ ಆಗುತ್ತದೆ. ಅನಿಲ ಹೆಚ್ಚಾಯಿತೋ, ಆದ ಪ್ರಕ್ಷೇಪವೇ ಬೈಸಲ್ಫೈಟ್ ಆಗಿ ಮತ್ತೆ ಕರಗುತ್ತದೆ. ಆ ತಪ್ಪು ತಕ್ಷಣ ಕಾಣದು. ಮುಂದೆ ಆವಿ ಪಾತ್ರೆಯ ಕೊಳವೆಗಳಲ್ಲಿ ಕಲ್ಲಿನಂಥ ಪದರವಾಗಿ ಕೂರುತ್ತದೆ. ಹಾಲು ಹುಳಿಯಾದರೆ ಸಕ್ಕರೆಯೇ ಒಡೆದು ನಷ್ಟ. ಹಾಗಾಗಿ ಪಿಎಚ್ 7ರ ಆಸುಪಾಸಿನಲ್ಲೇ ನಿಲ್ಲಿಸಬೇಕು. ಇಡೀ ಕಾರ್ಖಾನೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಕೆಲಸ ಬೇರೊಂದಿಲ್ಲವೆನ್ನಬಹುದು.

ಸೋಸಿ ಉಳಿದ ಮಡ್ಡಿ, ಅಂದರೆ ಪ್ರೆಸ್ ಮಡ್, ಫಾಸ್ಫೇಟನ್ನು ಹೊತ್ತು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ; ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಡಿಸ್ಟಿಲರಿಗೆ.

ಹೊಸಪೇಟೆಯ ಕಾರ್ಖಾನೆ ಈಗ ಮುಚ್ಚಿದೆ. ಈ ಭಾಗದ ಕಬ್ಬು ಬೇರೆ ಊರಿನ ಕಾರ್ಖಾನೆಗಳಿಗೆ ಸಾಗಬೇಕು. ಕಡಿದ ಕಬ್ಬು ದಾರಿಯಲ್ಲಿ ತಡವಾದಷ್ಟೂ ಹಾಲಿನ ಹುಳಿ ಏರಿ, ಸುಣ್ಣವೂ ಹೆಚ್ಚು ಬೇಕಾಗುತ್ತದೆ.